ಒಂದು ತಂಬಿಗೆ ಬರೇ ನೀರು

ನನಗೆ ಬೇಕಾಗಿದ್ದದ್ದು ನೀರು. ಬರೇ ನೀರು. ಬೆಲ್ಲ ಬೇಡ, ಚಹಾ ಬೇಡ, ಕುಂಕುಮ ಬೇಡ, ಉಪದೇಶವಂತೂ ಬೇಡವೇ ಬೇಡ. ಓಡುವಾಗ ಗಂಟಲು ಒಣಗುತ್ತದೆ, ಒಣಗಿದಾಗ ನಾಲ್ಕು ಗುಟುಕು ಕುಡಿಯಬೇಕು, ಮತ್ತೆ ಓಡಬೇಕು. ಇಷ್ಟು ಸಣ್ಣ ಮಾತು. ಕಾಲೇಜು ಮುಗಿಯುವವರೆಗೂ ಈ ಸಣ್ಣ ಮಾತನ್ನು ಒಬ್ಬರ ತಲೆಗೂ ಹಾಕಲು ನನ್ನಿಂದ ಆಗಲಿಲ್ಲ. ಇಳಕಲ್ಲಿನಿಂದ ಹುನಗುಂದದವರೆಗೆ ಒಬ್ಬರೆಂದರೆ ಒಬ್ಬರಿಗೆ! ಈಗ ನೆನೆದರೂ ಮೈ ಪರಚಿಕೊಳ್ಳುವಂತಾಗುತ್ತದೆ.

ಹೊಸ ಶತಮಾನ ಬಂತೆಂದು ಟೀವಿಯವರು ಕುಣಿದಾಡಿದ ಕಾಲ ಅದು. ನಾನು ಇಳಕಲ್ಲಿನಲ್ಲಿ ಬಿ.ಎ. ಓದುತ್ತಿದ್ದೆ. ಮನೆಯಲ್ಲಿ ಎರಡು ಕುಣಿಮಗ್ಗ, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವ್ವ ಸೀರೆ ನೇಯುತ್ತಿದ್ದರು. ಅವರ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತಿಕೊಡುವುದು ನನ್ನ ಪಾಲಿನ ಕೆಲಸ. ಕೂತು ಕೂತು ಸುತ್ತುವುದೆಂದರೆ ನನಗೆ ಆಗುತ್ತಿರಲಿಲ್ಲ. ಕಾಲುಗಳು ತಮ್ಮಷ್ಟಕ್ಕೆ ತಾವೇ ಅಲ್ಲಾಡುತ್ತಿದ್ದವು. ಸಾಲಿಯಲ್ಲಿದ್ದಾಗಿನಿಂದ ನಾನು ಓಡುವವಳು, ಅದೂ ದೂರದ ಓಟ. ಮೈದಾನದಲ್ಲಿ ಗಿರಗಿರ ಸುತ್ತುವುದಲ್ಲ, ಊರು, ಹೊಲ, ಹಳ್ಳ ದಾಟಿಕೊಂಡು ಹೋಗುವ ಗುಡ್ಡಗಾಡು ಓಟ.

ಪ್ರತಿವರ್ಷ ದಸರೆ ಮುಗಿದ ಮೇಲೆ ಸುತ್ತಲಿನ ಕಾಲೇಜುಗಳ ಹುಡುಗಿಯರನ್ನೆಲ್ಲ ಹುನಗುಂದದಲ್ಲಿ ಒಟ್ಟಿಗೆ ಓಡಿಸುತ್ತಿದ್ದರು. ಮೊದಲು ಬಂದ ಆರು ಜನ ವಿಶ್ವವಿದ್ಯಾಲಯದ ತಂಡಕ್ಕೆ. ಏಳನೆಯವಳಿಂದ ಹಿಂದಿನವರೆಲ್ಲ ತಮ್ಮ ತಮ್ಮ ಮನೆಗೆ. ತಂಡದಲ್ಲಿ ಹೆಸರು ಬಂದರೆ ಮುಂದೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು ಸುಲಭ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪ ಕೆಟ್ಟವನಲ್ಲ, ಆದರೆ ಲೆಕ್ಕ ಖಡಕ್ಕು. ಮಗ್ಗದ ಕುಣಿಯಿಂದ ತಲೆ ಎತ್ತದೆಯೇ ಹೇಳಿಬಿಟ್ಟಿದ್ದ.

"ಟೀಮಿನಾಗ ಬಂದ್ರ ಓಡಕೋತ ಹೋಗು, ನಾ ಅಡ್ಡ ಬರಂಗಿಲ್ಲ. ಬರಲಿಲ್ಲಂದ್ರ ಸುಮ್ನ ಕಂಡಿಕಿ ಸುತ್ತು. ಮತ್ತ ಓಡ್ತೇನಿ ಪಾಡ್ತೇನಿ ಅನ್ನಬಾರದು."

ಹೂಂ ಅಂದೆ. ಓಟವೊಂದೇ ನನ್ನ ಕೈಲಿತ್ತು, ಅದರಲ್ಲಿ ನನಗೆ ಧೈರ್ಯವಿತ್ತು. ನೀರಿನ ವಿಷಯ ಆಗ ತಲೆಯಲ್ಲೇ ಇರಲಿಲ್ಲ.

ದಿನಾ ಬೆಳಿಗ್ಗೆ ಹೆದ್ದಾರಿಯ ಬದಿಗೆ ಓಡುತ್ತಿದ್ದೆ. ನಮ್ಮ ಕಡೆಯ ಹವೆ ಗೊತ್ತಲ್ಲ, ಸೂರ್ಯ ಹುಟ್ಟಿದ ಕೂಡಲೇ ನೆತ್ತಿಗೆ ಬರುತ್ತಾನೆ. ಸಾಲದ್ದಕ್ಕೆ ಕಲ್ಲಿನ ಖಣಿಗಳಿಂದ ಬರುವ ಲಾರಿಗಳು. ಒಂದು ಲಾರಿ ದಾಟಿಹೋದರೆ ಬಾಯಿ ತುಂಬ ಪುಡಿ. ಅರ್ಧ ದಾರಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಒಂದು ದಿನ ಬುದ್ಧಿ ಮಾಡಿ ಖಾಲಿ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ನೀರು ತುಂಬಿಕೊಂಡು ಹೊರಟೆ. ಎಂಥ ಬುದ್ಧಿ! ಬೆಳಗಿನ ಹೊತ್ತು ಕೈಯಲ್ಲಿ ನೀರು ಹಿಡಿದು ಊರ ಹೊರಗೆ ಹೋಗುವವರು ಯಾತಕ್ಕೆ ಹೋಗುತ್ತಾರೆ ಎನ್ನುವುದು ಊರಿಗೆಲ್ಲ ಗೊತ್ತು. ಅದರಲ್ಲೂ ನಾನು ಓಡುತ್ತಿದ್ದೆ. ಹಾಲು ಮಾರಲು ಬರುತ್ತಿದ್ದ ಮುದುಕ ಸೈಕಲ್ ನಿಲ್ಲಿಸಿ ಭಾಳ ಕಳಕಳಿಯಿಂದ ಕೂಗಿದ.

"ಯವ್ವಾ, ಮುಂದ ಹೋಗಬ್ಯಾಡವ್ವ, ಅಲ್ಲಿ ಗಂಡಸರು ಕುಂತಾರ. ಹೆಣ್ಮಕ್ಕಳ ಕಡಿ ಹಳ್ಳದ ಆಚಿ ಐತಿ!"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಟ್ಲಿಯನ್ನು ಅಲ್ಲೇ ಜಾಲಿ ಕಂಟಿಯಲ್ಲಿ ಒಗೆದು ಬಂದೆ. ಓಣಿಯ ಹೆಂಗಸರಿಗೆ ಅದು ಹೇಗೆ ಮುಟ್ಟಿತೋ, ಒಂದು ವಾರ ನನ್ನನ್ನು ಕಂಡಾಗಲೆಲ್ಲ "ಆತೇನವ್ವ, ಅವಸರ ಕಡಿಮಿ ಆತೇನು?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ಅಲ್ಲಿಗೆ ಬಾಟ್ಲಿಯ ಕಥೆ ಮುಗಿಯಿತು.

ಹೋಗಲಿ, ಪಿ.ಟಿ. ಮಾಸ್ತರರಾದರೂ ಓಟ ತಿಳಿದವರು, ಅವರಿಗೆ ಅರ್ಥವಾಗುತ್ತದೆ ಎಂದುಕೊಂಡೆ. ಅವರ ಹತ್ತಿರ ಹೋಗಿ ಓಡುವಾಗ ನೀರು ಬೇಕು ಸರ್ ಅಂದರೆ, ಕೇಳಬಾರದ್ದನ್ನು ಕೇಳಿದೆನೋ ಎಂಬಂತೆ ನೋಡಿದರು.

"ಓಡೂಮುಂದ ನೀರ ಕುಡಿದ್ರ ಹೊಟ್ಟಿ ಹಿಡೀತೈತಿ. ಕುದರಿಗೆ ಯಾರರ ಓಡೂಮುಂದ ನೀರ ಕುಡಸ್ತಾರೇನು?"

"ನಾ ಕುದರಿ ಅಲ್ರಿ ಸರ್."

"ಅದಕ್ಕ ಹಿಂದ ಉಳೀತಿ."

ಅವರ ಪ್ರಕಾರ ಓಟಗಾರರಿಗೆ ಇದ್ದದ್ದು ಒಂದೇ ಔಷಧ, ಗ್ಲುಕೋಸ್ ಪುಡಿ. ಅದನ್ನು ನೀರಿಗೆ ಹಾಕಿ ಕೊಟ್ಟರೆ ಬೇಡ ಅನ್ನುತ್ತಿದ್ದೆನೇ? ಇಲ್ಲ, ಒಣ ಪುಡಿಯನ್ನೇ ಅಂಗೈಗೆ ಸುರಿದು ಬಾಯಿಗೆ ಒಗೆದುಕೊಳ್ಳಬೇಕು! ಮೊದಲೇ ಉಗುಳಿಲ್ಲದ ಬಾಯಿ. ಪುಡಿ ಹಲ್ಲಿಗೆ, ವಸಡಿಗೆ, ಗಂಟಲಿಗೆ ಮೆತ್ತಿಕೊಂಡು ಹಿಟ್ಟಾಗುತ್ತಿತ್ತು. ನುಂಗಲಾರೆ, ಉಗುಳಲಾರೆ. ಸಿಹಿ ಬಿದ್ದ ಮೇಲೆ ನೀರಡಿಕೆ ಇನ್ನೂ ಜಾಸ್ತಿ. ನಾನು ಮನೆಯಲ್ಲಿ ಕದ್ದು ನೀರಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಹಾಕಿ, ಅರ್ಧ ಲಿಂಬಿಹಣ್ಣು ಹಿಂಡಿ ಕುಡಿದು ನೋಡಿದ್ದೆ. ಅದನ್ನು ಕುಡಿದ ದಿನ ಕಾಲಿಗೆ ಜೀವ ಬರುತ್ತಿತ್ತು. ಮಾಸ್ತರರಿಗೆ ಹೇಳಿದರೆ, ಶರಬತ್ತು ಕುಡಿಯಲು ನೀನೇನು ಲಗ್ನಕ್ಕೆ ಹೊರಟಿದ್ದೀಯಾ ಎಂದು ಕೇಳಿದರು.

ಮನೆಯಲ್ಲಿ ಇನ್ನೊಂದು ಪರಿ. ಬೆವರು ಸುರಿಸಿಕೊಂಡು ಬಂದವಳು ನೀರಿನ ಹರವಿಗೆ ಕೈ ಹಾಕಿದರೆ ಅವ್ವ ಮಗ್ಗದಿಂದಲೇ ಚೀರುತ್ತಿದ್ದಳು. "ಬೆವತ ಮೈಯಾಗ ತಣ್ಣೀರ ಕುಡೀಬ್ಯಾಡ, ಎದಿ ಹಿಡೀತೈತಿ! ಚಾ ಕಾಸಿಟ್ಟೇನಿ, ಚಾ ಕುಡಿ." ನೇಕಾರರ ಮನೆಯಲ್ಲಿ ಎಲ್ಲದಕ್ಕೂ ಚಹಾ. ಸೊಂಟ ಹಿಡಿದರೆ ಚಹಾ, ಕಣ್ಣು ಉರಿದರೆ ಚಹಾ, ಸೀರೆಯ ಸೆರಗು ಚೆನ್ನಾಗಿ ಬಂದರೆ ಚಹಾ. ಕುದಿಯುವ ಚಹಾವನ್ನು ಬಶಿಗೆ ಹಾಕಿಕೊಂಡು ಊದುತ್ತ ಕೂತಿರುವಾಗ ನನ್ನ ತಲೆಯಲ್ಲಿ ಹಂಡೆಗಟ್ಟಲೆ ತಣ್ಣೀರು ಹರಿಯುತ್ತಿತ್ತು. ಇವರಿಗೆಲ್ಲ ನನ್ನ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯೇ. ಅದಕ್ಕೇ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ಪ್ರೀತಿ ಮಾಡುವವರ ಮೇಲೆ ಎಷ್ಟಂತ ರೇಗುವುದು?

ಎರಡನೇ ವರ್ಷದ ಓಟ ಬಂತು. ಓಟದ ದಾರಿ ಹುನಗುಂದದಿಂದ ಹೊರಟು, ರಾಮಥಾಳದ ಕಡೆಯ ಒಂದೆರಡು ಹಳ್ಳಿ ಹಾದು, ಸುತ್ತು ಹಾಕಿ ಮತ್ತೆ ಹುನಗುಂದದ ಮೈದಾನಕ್ಕೆ ಬರುತ್ತಿತ್ತು. ದಾರಿಯಲ್ಲಿ ಬರುವ ಮೊದಲ ಹಳ್ಳಿ ನನ್ನ ದೊಡ್ಡವ್ವನದು. ದೊಡ್ಡವ್ವ ಎಂದರೆ ಅವ್ವನ ಅಕ್ಕ. ಅಲ್ಲಿ ಅವಳ ಗಂಡನದು ಕಿರಾಣಿ ಅಂಗಡಿ, ರಸ್ತೆಗೇ ಹತ್ತಿದಂತೆ ಹೊಸ ಮನೆ. ಅವಳಿಗೆ ಮಕ್ಕಳಿರಲಿಲ್ಲ. ನನ್ನನ್ನೇ ಮಗಳು ಎನ್ನುತ್ತಿದ್ದಳು. ಇಂಥ ದಿನ ನಾನು ಅವರ ಮನೆಯ ಮುಂದೆ ಓಡುತ್ತೇನೆ ಎಂದು ಅವ್ವ ಎಸ್.ಟಿ.ಡಿ. ಬೂತಿನಿಂದ ಅಂಗಡಿಗೆ ಫೋನು ಮಾಡಿ ಹೇಳಿಬಿಟ್ಟಳು. ದಾರಿಯಲ್ಲಿ ದೊಡ್ಡವ್ವ ಒಂದು ಗುಟುಕು ನೀರು ಕೊಡುತ್ತಾಳೆ ಎಂದು ನಾನೂ ಖುಷಿಪಟ್ಟೆ. ಖರೆ ಹೇಳಬೇಕೆಂದರೆ ಅದೊಂದೇ ನನ್ನ ಆಸರೆ. ಓಟ ನಡೆಸುವವರು ನೀರಿನ ಬ್ಯಾರಲ್ಲು ಇಟ್ಟಿದ್ದದ್ದು ಹೊರಡುವಲ್ಲಿ ಒಂದು, ಮುಟ್ಟುವಲ್ಲಿ ಒಂದು. ನಡುವೆ ಏನೂ ಇಲ್ಲ.

ಬೆಳಿಗ್ಗೆ ತಂಪಿನಲ್ಲಿ ಶುರುವಾಗಬೇಕಿದ್ದ ಓಟ ಅತಿಥಿಗಳು ಬರಲಿಲ್ಲವೆಂದು ತಡವಾಯಿತು. ಬಂದ ಮೇಲೆ ಅವರು ಭಾಷಣ ಮಾಡಿದರು, ಹಾರ ಹಾಕಿಸಿಕೊಂಡರು, ಕುರ್ಚಿಯಲ್ಲಿ ಕೂತು ತಂಪು ಪಾನೀಯ ಕುಡಿದರು. ನಾವು ಬಿಸಿಲಲ್ಲಿ ಸಾಲಾಗಿ ನಿಂತು ಅದನ್ನು ನೋಡಿದೆವು. ಹಸಿರು ನಿಶಾನೆ ಬೀಳುವ ಹೊತ್ತಿಗೆ ನೆಲ ಕಾದಿತ್ತು.

ಆದರೂ ಹಳ್ಳಿ ಮುಟ್ಟುವಾಗ ನಾನು ನಾಲ್ಕನೆಯವಳು. ಮುಂದೆ ಬಾದಾಮಿಯ ಹುಡುಗಿ, ಅವಳ ಹಿಂದೆ ಇನ್ನಿಬ್ಬರು, ಆಮೇಲೆ ನಾನು. ಉಸಿರು ಹದವಾಗಿತ್ತು. ದೊಡ್ಡವ್ವ ರಸ್ತೆಯ ನಟ್ಟನಡುವೆ ನಿಂತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಹಿತ್ತಾಳೆ ತಂಬಿಗೆ. ನಾನು ಕೈ ಚಾಚಿದೆ. ಅವಳು ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬಿಸಲಾಗಿಂದ ಬಂದವರು ಹಂಗ ಬರೇ ನೀರ ಕುಡೀಬಾರದವ್ವಾ. ಮೊದಲ ಬೆಲ್ಲ ಬಾಯಾಗ ಹಾಕ್ಕೋ. ಕೂಡು, ಕೂಡು."

"ದೊಡ್ಡವ್ವಾ, ಕೂಡಾಕ ಆಗಂಗಿಲ್ಲ! ಓಟ ಐತಿ!"

"ಓಟ ಎಲ್ಲಿ ಓಡಿ ಹೋಗ್ತೈತಿ? ಹೊಸ ಮನಿ ಕಟ್ಟಿದ ಮ್ಯಾಲೆ ಮೊದಲನೇ ಸಲ ಬಾಗಲಿಗೆ ಬಂದ ಮಗಳು. ನಿಂತಕಾಲ ಮ್ಯಾಲೆ ಕಳಸಿದ್ರ ಮಂದಿ ಏನಂತಾರ?"

ಅಷ್ಟರಲ್ಲಿ ಓಣಿಯ ಹೆಂಗಸರು ಸುತ್ತ ನೆರೆದಿದ್ದರು. ಯಾರೋ ಮಣೆ ಹಾಕಿದರು, ಯಾರೋ ಬೀಸಣಿಗೆ ಬೀಸಿದರು. ಬೆಲ್ಲದ ಹೆಂಟೆ ಬಾಯಿಗೆ ಬಿತ್ತು. ಬೆವರಿದ ಹಣೆಗೆ ಕುಂಕುಮ ಮೆತ್ತಿತು. ಆಮೇಲೆ ಒಳಗಿನಿಂದ ಮೊರ ಬಂತು. ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣದ ಬೇರು, ಗುಳೇದಗುಡ್ಡದ ಖಣ. ಅಯ್ಯ ಶಿವನೇ, ಉಡಿ ತುಂಬಲು ಹೊರಟಿದ್ದಾಳೆ! ಉಡಿ ಒಲ್ಲೆ ಎಂದು ಹೇಳಬಹುದಿತ್ತಲ್ಲ ಎಂದು ಆಮೇಲೆ ಮಾಸ್ತರರು ಕೇಳಿದರು. ಮನೆಯ ಹಿರಿಯಳು ಮೊರ ಹಿಡಿದು ಎದುರು ನಿಂತಾಗ ಒಲ್ಲೆ ಎಂದು ಹೇಳಿದ ಹೆಣ್ಣುಮಗಳನ್ನು ನಮ್ಮ ಕಡೆ ಯಾರಾದರೂ ಕಂಡಿದ್ದರೆ ತೋರಿಸಲಿ. ಅವಳಿಗೆ ಮಕ್ಕಳಿಲ್ಲ, ಅವಳ ಕಣ್ಣು ತುಂಬಿ ಬಂದಿತ್ತು. ನನಗೆ ಸೆರಗು ಎಲ್ಲಿಂದ ಬರಬೇಕು? ಕಾಲೇಜಿನ ಹೆಸರಿದ್ದ ಟೀ ಶರ್ಟಿನ ಅಂಚನ್ನೇ ಚಾಚಿ ಹಿಡಿದೆ.

ನಾನು ಹಾಗೆ ಶರ್ಟು ಚಾಚಿ ನಿಂತಿರುವಾಗ ಹಿಂದಿನಿಂದ ಬಾಗಲಕೋಟೆಯ ಹುಡುಗಿ ಬಂದಳು. ದೊಡ್ಡವ್ವ ಕೆಳಗಿಟ್ಟಿದ್ದ ತಂಬಿಗೆಯನ್ನು ಬಗ್ಗಿ ಎತ್ತಿಕೊಂಡು, ಗಟಗಟ ಕುಡಿದು, ಉಳಿದದ್ದನ್ನು ತಲೆಯ ಮೇಲೆ ಸುರಿದುಕೊಂಡು, "ಥ್ಯಾಂಕ್ಸ್ ರೀ" ಎಂದು ಓಡಿಯೇಬಿಟ್ಟಳು. ನನ್ನ ನೀರು! ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನನಗೆ ನೀರು ಸಿಗುವ ಹೊತ್ತಿಗೆ ಎಷ್ಟು ಜನ ದಾಟಿದರೋ ಎಣಿಸಲಿಲ್ಲ.

ಉಡಿ ತುಂಬಿಸಿಕೊಂಡ ಮೇಲೆ ಅದನ್ನು ದಾರಿಯಲ್ಲಿ ಇಳಿಸುವಂತಿಲ್ಲ. ಶರ್ಟಿನ ಅಂಚಿಗೆ ಗಂಟು ಹಾಕಿಕೊಂಡು, ತೆಂಗಿನಕಾಯಿಯನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದೆ. ಹೆಜ್ಜೆಗೊಮ್ಮೆ ಅಕ್ಕಿ ಉದುರುತ್ತಿತ್ತು. ಮೈದಾನಕ್ಕೆ ಬಂದಾಗ ಅತಿಥಿಗಳು ಕುರ್ಚಿಯಿಂದ ಎದ್ದು ನಕ್ಕರು. ಆರರೊಳಗೆ ಬರುವುದಿರಲಿ, ಹತ್ತರೊಳಗೂ ಇರಲಿಲ್ಲ. ಬಾಗಲಕೋಟೆಯ ಹುಡುಗಿ ಆರನೆಯವಳಾಗಿ ತಂಡಕ್ಕೆ ಹೋದಳು.

ಅಪ್ಪನ ಕೈಕಾಲು ಹಿಡಿದು ಇನ್ನೊಂದು ವರ್ಷ ಕೇಳಿಕೊಂಡೆ. ಕೊನೆಯ ವರ್ಷ, ಕೊನೆಯ ಅವಕಾಶ. ಇದಾದ ಮೇಲೆ ಬೇಡುವುದಿಲ್ಲ ಎಂದು ಮಾತು ಕೊಟ್ಟೆ. ದೀಪಾವಳಿಗೆ ದೊಡ್ಡವ್ವ ಮನೆಗೆ ಬಂದಾಗ ಅವಳ ಮುಂದೆ ನನ್ನ ಸಿಟ್ಟೆಲ್ಲ ಸುರಿದೆ. ಮುಚ್ಚಿಡುವುದೇನು, ಬೇಕೆಂದೇ ಸುರಿದೆ. ಇವತ್ತಿಗೂ ನಾನು ಸಿಟ್ಟಾದದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

"ನೀ ನಿಲ್ಲಿಸಿದ್ದಕ್ಕ ನಾ ಸೋತೆ, ದೊಡ್ಡವ್ವಾ. ನಾಕನೇದಾಕಿ ಇದ್ದೆ ನಾ! ನಿನ್ನ ಕಾಲಿಗೆ ಬೀಳ್ತೇನಿ, ಮುಂದಿನ ವರ್ಷ ಯಾರೂ ನನ್ನ ತಡೀಬ್ಯಾಡ್ರಿ. ಸೋತೆನಂದ್ರ ನನ್ನ ಓಟ ಮುಗೀತು."

ದೊಡ್ಡವ್ವ ಕೈಯಲ್ಲಿದ್ದ ಕಡಬನ್ನು ತಾಟಿನಲ್ಲಿ ಇಟ್ಟು, ತಲೆ ಅಲ್ಲಾಡಿಸಿದಳು. ತಿಳಿಯಿತು ಎನ್ನುವ ಹಾಗೆ. ಅವಳಿಗೆ ತಿಳಿದದ್ದೇನು ಎಂದು ನನಗೆ ತಿಳಿದದ್ದು ಮುಂದಿನ ವರ್ಷ.

ಆ ವರ್ಷ ನಾನು ಹುಚ್ಚಿಯಂತೆ ತಯಾರಿ ಮಾಡಿದೆ. ಅಂಗಳದಲ್ಲಿ ಕಟ್ಟೆಯ ಮೇಲೆ ನೀರಿನ ಲೋಟ ಇಟ್ಟು, ಓಡುತ್ತ ಬಂದು ನಿಲ್ಲದೆ ಎತ್ತಿಕೊಂಡು, ಓಡುತ್ತಲೇ ಕುಡಿಯುವುದನ್ನು ಕಲಿತೆ. ಮೊದಮೊದಲು ಮೂಗಿಗೆ ಹೋಗಿ ಕೆಮ್ಮಿ ಕೆಮ್ಮಿ ಸಾಯುತ್ತಿದ್ದೆ. ಆಮೇಲೆ ರೂಢಿಯಾಯಿತು. ಅವ್ವ ಮಗ್ಗದಿಂದ ನೋಡಿ, "ನೀರ ಕುಡಿಯೋದನ್ನೂ ಕಲೀಬೇಕೇನ ಇಕಿ!" ಎಂದು ಹಣೆ ಹಣೆ ಬಡಿದುಕೊಂಡಳು. ನಡುವೆ ಒಂದು ಬ್ಯಾರಲ್ಲು ಇಡಿಸಿರಿ ಎಂದು ಮಾಸ್ತರರನ್ನು ಬೇಡಿಕೊಂಡೆ, ಅವರು ಮತ್ತೆ ಕುದುರೆಯ ಮಾತು ತೆಗೆದರು. ಇರಲಿ, ದೊಡ್ಡವ್ವನ ಹಳ್ಳಿ ಇದೆಯಲ್ಲ, ಈ ಸಲ ನಿಲ್ಲಿಸುವುದಿಲ್ಲ, ಕಟ್ಟೆಯ ಮೇಲಿಂದ ತಂಬಿಗೆ ಎತ್ತಿಕೊಂಡರೆ ಆಯಿತು ಎಂದು ಲೆಕ್ಕ ಹಾಕಿದೆ.

ಆ ಸಲವೂ ಅತಿಥಿಗಳು ತಡವಾಗಿಯೇ ಬಂದರು. ಬೇರೆ ಅತಿಥಿಗಳು, ಅದೇ ಭಾಷಣ. ಬಿಸಿಲು ಹಿಂದಿನ ವರ್ಷಕ್ಕಿಂತ ಜೋರು. ನಾನು ಮೊದಲಿನಿಂದಲೇ ಜೋರಾಗಿ ಓಡಿ ಬಾದಾಮಿಯ ಹುಡುಗಿಯ ಬೆನ್ನಿಗೆ ಬಿದ್ದೆ. ನೀರು ಸಿಗುತ್ತದೆಂಬ ಧೈರ್ಯದಲ್ಲಿ ಮೈಯಲ್ಲಿದ್ದದ್ದನ್ನೆಲ್ಲ ಆ ಹಳ್ಳಿಯವರೆಗೇ ಖರ್ಚು ಮಾಡಿದೆ. ಎರಡನೆಯವಳಾಗಿ ಹಳ್ಳಿಗೆ ನುಗ್ಗಿದೆ.

ದೂರದಿಂದಲೇ ಕಂಡಿತು. ದೊಡ್ಡವ್ವನ ಕಟ್ಟೆಯ ಮೇಲೆ ತಂಬಿಗೆಗಳು ಸಾಲಾಗಿ ಇದ್ದವು! ಒಂದಲ್ಲ, ಓಣಿಯ ಎಲ್ಲ ಮನೆಗಳ ತಂಬಿಗೆಗಳೂ ಅಲ್ಲೇ ಇದ್ದ ಹಾಗಿತ್ತು. ಬಾದಾಮಿಯ ಹುಡುಗಿಗೆ ಇಬ್ಬರು ಹೆಂಗಸರು ಒಂದನ್ನು ಒತ್ತಾಯ ಮಾಡಿ ಹಿಡಿಸಿದರು. ಅವಳು ಕುಡಿದು ಕೊಟ್ಟು ಹೋದಳು. ನಾನು ಬಂದೆ. ಓಣಿಗೆ ಓಣಿಯೇ ಎಚ್ಚೆತ್ತಂತೆ ಹೆಂಗಸರೆಲ್ಲ ಕಟ್ಟೆಗೆ ಅಡ್ಡ ನಿಂತರು. ತಂಬಿಗೆಗಳ ಮೇಲೆ ಸೆರಗು ಮುಚ್ಚಿದರು.

"ನೀರ ಕೊಡ್ರಿ!" ಎಂದು ಕೂಗಿದೆ.

"ಬ್ಯಾಡವ್ವಾ, ಓಡು! ನಾವು ತಡಿಯಂಗಿಲ್ಲ, ಓಡು!" ಎಂದು ಚಪ್ಪಾಳೆ ತಟ್ಟಿದರು.

"ತಡೀಬ್ಯಾಡ್ರಿ, ನೀರ ಕೊಡ್ರಿ ಸಾಕು! ನಾ ನಿಲ್ಲಂಗಿಲ್ಲ!"

"ನಿಂತಗೊಂಡ ಮಾತಾಡಬ್ಯಾಡ, ನಡಿ ನನ್ನವ್ವಾ, ನಡಿ! ಹಿಂದಿನಾಕಿ ಬಂದ್ಲು!"

ಬಾಗಿಲ ಪಕ್ಕದಲ್ಲಿ ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ನನ್ನನ್ನು ನೋಡಿದರೆ ತನ್ನಿಂದ ತಡೆಯಲಾಗುವುದಿಲ್ಲವೆಂದು ನೋಡದೆ ನಿಂತಿದ್ದಳು. ಸೆರಗಿನ ತುದಿ ಹಲ್ಲಿನಲ್ಲಿತ್ತು. ಒಂದು ಕೈ ಮಾತ್ರ ಹಿಂದಕ್ಕೆ ಚಾಚಿ, ಹೋಗು ಹೋಗು ಎಂದು ಬೀಸುತ್ತಿದ್ದಳು. "ದೊಡ್ಡವ್ವಾ!" ಅಂದೆ. ಕೈ ಇನ್ನೂ ಜೋರಾಗಿ ಬೀಸಿತು. ಅವಳ ಲೆಕ್ಕದಲ್ಲಿ ನೀರು ಕೊಡುವುದು ಬೇರೆ, ನಿಲ್ಲಿಸುವುದು ಬೇರೆ ಅಲ್ಲವೇ ಅಲ್ಲ. ಕೂರಿಸದೆ, ಬೆಲ್ಲ ಕೊಡದೆ ಕೊಟ್ಟದ್ದನ್ನು ಅವಳು ನೀರು ಕೊಟ್ಟದ್ದು ಎಂದು ಯಾವ ಕಾಲಕ್ಕೂ ಒಪ್ಪಿದವಳಲ್ಲ. ಹಾಗಾಗಿ ನನ್ನನ್ನು ತಡೆಯಬಾರದೆಂದರೆ ಒಂದು ಹನಿಯನ್ನೂ ಕೊಡಬಾರದು. ಇದೆಲ್ಲ ಹೊಳೆದದ್ದು ಆಮೇಲೆ. ಆಗ ಹೊಳೆದದ್ದು ಒಂದೇ, ಇವರು ನನಗೆ ನೀರು ಕೊಡುವುದಿಲ್ಲ.

ಓಡಿದೆ. ಹಿಂತಿರುಗಿ ನೋಡಿದರೆ, ಸೆರಗು ಸರಿಸಿ ಹಿಂದೆ ಬಂದವರಿಗೆಲ್ಲ ಕರೆದು ಕರೆದು ಕೊಡುತ್ತಿದ್ದರು. ಬೆಲ್ಲ ಹಾಕ್ಕೋರಿ, ಕೂಡ್ರಿ ಎನ್ನುವ ಕೂಗು ಬಹಳ ದೂರದವರೆಗೆ ಕೇಳಿಸಿತು. ಆ ಹುಡುಗಿಯರೇನು ದಡ್ಡರೇ? ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಕೂರದೆ ಓಡಿದರು.

ಹಳ್ಳ ದಾಟಿದ ಮೇಲಿನ ಏರಿನಲ್ಲಿ ನನ್ನ ಮೀನಖಂಡ ಹಿಡಿಯಿತು. ಬಾಯಲ್ಲಿ ಉಗುಳಿಲ್ಲ, ಬೆವರು ಕೂಡ ನಿಂತುಹೋಗಿತ್ತು. ಕಿಸೆಯಲ್ಲಿ ಮಾಸ್ತರರ ಗ್ಲುಕೋಸ್ ಪುಡಿಯ ಪೊಟ್ಟಣವಿತ್ತು. ಅದನ್ನು ತೆಗೆದು ಹೊಲಕ್ಕೆ ಎಸೆದೆ. ಕುಂಟುತ್ತ ಓಡಿದೆ. ಒಬ್ಬಳು ದಾಟಿದಳು, ಇನ್ನೊಬ್ಬಳು ದಾಟಿದಳು, ಆಮೇಲೆ ಮತ್ತಿಬ್ಬರು ದಾಟಿದರು. ಮೈದಾನದ ಗೇಟಿನ ಹತ್ತಿರ ನಾನು ಇನ್ನೂ ಆರನೆಯವಳೇ. ಗೆರೆ ಕಾಣುತ್ತಿತ್ತು. ಅಲ್ಲಿ ನನ್ನ ಪಕ್ಕದಿಂದ ಗುಳೇದಗುಡ್ಡದ ಒಬ್ಬ ಪುಟ್ಟ ಹುಡುಗಿ, ಮೊದಲ ವರ್ಷದವಳು, ಒದ್ದೆ ತಲೆಯಿಂದ ನೀರು ಉದುರಿಸುತ್ತ ಮುಂದೆ ಹೋದಳು. ಅವಳ ತಲೆಯ ನೀರಿನ ಎರಡು ಹನಿ ನನ್ನ ತೋಳಿನ ಮೇಲೆ ಬಿತ್ತು. ನಾನು ಏಳನೆಯವಳಾದೆ.

ಮೈದಾನದ ಬೇವಿನ ಗಿಡದ ಕೆಳಗೆ ಕುಸಿದು ಕೂತೆ. ಬ್ಯಾರಲ್ಲಿನ ಹತ್ತಿರ ಹೋಗಲೂ ಕಾಲು ಏಳಲಿಲ್ಲ. ಅಳು ಬಂತು, ಆದರೆ ಕಣ್ಣಲ್ಲಿ ನೀರಿರಲಿಲ್ಲ. ಮುಗಿಯಿತು, ಇನ್ನು ಕಂಡಿಕೆ. ಅಪ್ಪ ಮಾತಿಗೆ ತಪ್ಪುವವನಲ್ಲ, ನಾನೂ ತಪ್ಪುವ ಹಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಳ್ಳಿಯ ಟೆಂಪೊ ಬಂದು ಗೇಟಿನ ಹತ್ತಿರ ನಿಂತಿತು. ದೊಡ್ಡವ್ವ ಇಳಿದಳು. ಎರಡೂ ಕೈಯಲ್ಲಿ ಹಿತ್ತಾಳೆ ತಂಬಿಗೆ ಹಿಡಿದು, ಚೆಲ್ಲದ ಹಾಗೆ ನಿಧಾನ ನಡೆದು ಬಂದಳು. ಮುಖ ಅರಳಿತ್ತು. ನಾಲ್ಕು ಹೆಜ್ಜೆ ದೂರದಲ್ಲೇ ನಿಂತು ಕೇಳಿದಳು.

"ಓಟ ಮುಗೀತಲ್ಲವ್ವಾ? ಈಗ ಕೊಡಬಹುದಲ್ಲ?"

ನಾನು ಹೂಂ ಎಂದು ತಲೆ ಅಲ್ಲಾಡಿಸಿದೆ. ಅವಳು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು.

"ಉಳಿದವರಿಗೆಲ್ಲಾ ಕೊಟ್ಟೇವಿ ನೋಡು, ಒಬ್ಬಾಕಿನ್ನೂ ಬಿಡಲಿಲ್ಲ. ನಿನಗೊಬ್ಬಾಕಿಗೇ ಯಾರೂ ಕೊಡಬಾರದಂತ ಇಡೀ ಓಣಿಗೆ ಆಣಿ ಹಾಕಿದ್ದೆ. ಜೀವಾ ಹೋದಂಗಾತವ್ವಾ ನನಗ. ಟೀಮಿನಾಗ ಬಂದೆಲ್ಲ?"

"ಇಲ್ಲ ದೊಡ್ಡವ್ವಾ. ಸೋತೆ."

ಅವಳ ನಗು ಅರ್ಧಕ್ಕೆ ನಿಂತಿತು. ನನ್ನ ಮುಖ ನೋಡಿದಳು, ಗೇಟಿನ ಕಡೆ ನೋಡಿದಳು, ತನ್ನ ಹಳ್ಳಿಯ ದಾರಿಯ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಸಿಟ್ಟಿನಿಂದ ನಡುಗುವ ದನಿಯಲ್ಲಿ ಕೇಳಿದಳು.

"ಹಂಗಾರ ನಿನಗ ಯಾರು ಕೊಟ್ರವ್ವಾ ನೀರು? ಹೆಸರ ಹೇಳು."

ಅವಳ ಕೈಯಿಂದ ತಂಬಿಗೆ ತೆಗೆದುಕೊಂಡು ಎತ್ತಿ ಕುಡಿದೆ. ಬೆಲ್ಲ ತಂದಿರಲಿಲ್ಲ ಅವಳು, ಬರೇ ನೀರು.